ಐದನೆಯ ತಂತಿ: ಕಿರಿಯ ವಯೋಲವನ್ನು ಪಿಟೀಲಾಗಿಸುವ ಬಗೆ

ಪಿಟೀಲಿಗೆ ನಾಲ್ಕೇ ತಂತಿ ಎಂಬುದು ಕನ್ನಡನಾಡಿನಲ್ಲಿ ಅಲಂಘ್ಯ ನಿಯಮವಾಗಿ ಉಳಿದಿಲ್ಲ. ಮೈಸೂರು ಟಿ. ಚೌಡಯ್ಯನವರು (1895–1967) ಇನ್ನೂ ಮೂರನ್ನು ಸೇರಿಸಿ ಏಳು ತಂತಿಯ ಪಿಟೀಲು ನುಡಿಸಿದರು. 1957ರಲ್ಲಿ ಸಂಗೀತ ಕಲಾನಿಧಿ ಬಿರುದಿಗೆ ಪಾತ್ರರಾದರು. ಧ್ವನಿವರ್ಧಕವಿಲ್ಲದ ಸಭೆಯಲ್ಲಿ ಕಡೆಯ ಸಾಲಿನವರಿಗೂ ನಾದ ಮುಟ್ಟಬೇಕೆಂಬುದು ಅವರ ಆಶಯ. ವೀರಣ್ಣನವರ ನಾಟಕ ಕಂಪನಿಯ ತವರಾದ ಗುಬ್ಬಿಯ ಜನಕ್ಕೆ ಈ ಕಷ್ಟವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಐದು ತಂತಿಯ ಪಿಟೀಲಿನ ಉದ್ದೇಶ ಬೇರೆ. ಇಲ್ಲಿ ಬೇಕಾದುದು ನಾದದ ಗಾತ್ರವಲ್ಲ, ಸ್ಥಾಯಿಯ ವಿಸ್ತಾರ. ಪ್ರೌಢಶಾಲೆಯ ವಯಸ್ಸಿನಲ್ಲಿ ಹುಡುಗರ ಕಂಠ ಒಡೆದು ಕೆಳಕ್ಕಿಳಿಯುತ್ತದೆ. ವಚನಗಾಯನದಲ್ಲಿ ಅಂತಹ ಕಂಠಗಳಿಗೆ ಆಧಾರವಾಗಿ ನಿಲ್ಲಲು ಸಾಮಾನ್ಯ ಪಿಟೀಲಿಗೆ ಕೆಳಗಡೆ ಸ್ಥಳ ಸಾಲದು. ಕರ್ನಾಟಕ ಪದ್ಧತಿಯಲ್ಲಿ ಅದರ ತಂತಿಗಳು ಕೆಳಗಿನಿಂದ ಮಂದ್ರ ಷಡ್ಜ, ಮಂದ್ರ ಪಂಚಮ, ಮಧ್ಯ ಷಡ್ಜ, ಮಧ್ಯ ಪಂಚಮ. ಐದನೆಯದು ಇವೆಲ್ಲಕ್ಕೂ ಕೆಳಗಿನ ಅನುಮಂದ್ರ ಪಂಚಮ.

ಇದಕ್ಕೆ ಕಿರಿಯ ವಯೋಲವೇ ಏಕೆ? ತಂತಿ ಉದ್ದವಾದಷ್ಟೂ ಅದೇ ಸ್ವರಕ್ಕೆ ಹೆಚ್ಚು ಬಿಗಿತ ಬೇಕು. ಬಿಗಿತವು ಉದ್ದದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. ಪಿಟೀಲಿನಲ್ಲಿ ನುಡಿಯುವ ತಂತಿಯ ಉದ್ದ ಸುಮಾರು 33 ಸೆಂ.ಮೀ. ದೊಡ್ಡ ವಯೋಲದಲ್ಲಿ ಅದು 37 ಆದರೆ ಮೇಲಿನ ತೆಳು ತಂತಿಗೆ ಕಾಲುಭಾಗ ಹೆಚ್ಚು ಬಿಗಿತ ಬೀಳುತ್ತದೆ. ಅದು ಹರಿಯುವ ಸಂಭವವೇ ಹೆಚ್ಚು. 14 ಅಂಗುಲದ ವಯೋಲದ ಒಡಲು ಪಿಟೀಲಿನಷ್ಟೇ ಉದ್ದ, ಆದರೆ ಪಕ್ಕೆಗಳು ತುಸು ಎತ್ತರ. ಕೆಳಗಿನ ತಂತಿಗೆ ಆ ಎತ್ತರ ಉಪಕಾರಿ.

ಕೆಲಸದಲ್ಲಿ ಕಠಿಣವಾದುದು ಕುದುರೆ. ಕುದುರೆಯೆಂದರೆ ಕುಣಿಗಲಿನವರಿಗೆ ಅಶ್ವಶಾಲೆ ನೆನಪಾದೀತು. ಕಮಾನಿನ ಕೂದಲಿಗೆ ನಿಜವಾದ ಕುದುರೆಯ ಬಾಲವೇ ಬೇಕೆಂಬುದೂ ಸತ್ಯ. ಇಲ್ಲಿ ಹೇಳುತ್ತಿರುವುದು ತಂತಿಗಳನ್ನು ಹೊರುವ ಮರದ ತುಂಡನ್ನು ಕುರಿತು. ಅಂಚಿನ ತಂತಿಗಳ ನಡುವೆ 36 ಮಿ.ಮೀ. ಇದ್ದರೆ ನಾಲ್ಕು ತಂತಿಗಳ ಪರಸ್ಪರ ಅಂತರ 12. ಐದಾದರೆ 9 ಮಾತ್ರ. ಆದ್ದರಿಂದ ಹೊಸ ಕುದುರೆಯ ಬೆನ್ನನ್ನು ಹೆಚ್ಚು ಬಾಗಿಸಿ ಕೆತ್ತಬೇಕು. ಇಲ್ಲವಾದರೆ ಕಮಾನು ಒಂದನ್ನು ನುಡಿಸುವಾಗ ನೆರೆಯದನ್ನೂ ಸವರೀತು. ಕೊರಳಿನ ತುದಿಯ ಗಟ್ಟಿಗೆ ಐದು ಗೀರು, ಬಾಲದ ಪಟ್ಟಿಗೆ ಐದು ರಂಧ್ರ, ಇವು ಸುಲಭ.

ಬಿರಡೆಯ ವಿಷಯ ಹಾಗಲ್ಲ. ಹಳೆಯ ರಂಧ್ರಗಳನ್ನು ಮರದಿಂದ ತುಂಬಿ, ಐದಕ್ಕೂ ಸ್ಥಳ ಹಂಚಿ ಹೊಸದಾಗಿ ಕೊರೆಯುವುದು ಲೇಸು. ಯಾವ ತಂತಿಯೂ ಇನ್ನೊಂದರ ಬಿರಡೆಗೆ ತಾಗಕೂಡದು. ಹೀಗೆ ಕೊರೆದ ಮೇಲೆ ವಾದ್ಯವು ಮೊದಲಿನಂತಾಗದು. ಆದಕಾರಣ ದಾನಿಗಳಿಂದ ಶಾಲೆಗೆ ಬಂದ ಹಳೆಯ, ಉತ್ತಮ ವಯೋಲಕ್ಕೆ ಇದನ್ನು ಮಾಡುವುದು ಸರ್ವಥಾ ಸಲ್ಲದು. ಕಾರ್ಖಾನೆಯ ಸಾಧಾರಣ ವಾದ್ಯ ಸಾಕು, ಅದಕ್ಕೂ ಕೊಟ್ಟವರ ಒಪ್ಪಿಗೆ ಪಡೆದು ಅನುಭವಿ ಕುಶಲಕರ್ಮಿಯ ಕೈಗೇ ಒಪ್ಪಿಸಬೇಕು.

ಐದು ತಂತಿಗಳನ್ನೂ ಒಮ್ಮೆಗೇ ಶ್ರುತಿಗೆ ಏರಿಸಬಾರದು. ಎರಡು ಮೂರು ದಿನಗಳಲ್ಲಿ ಸ್ವಲ್ಪಸ್ವಲ್ಪವಾಗಿ ಬಿಗಿಯುತ್ತ, ಪ್ರತಿ ಸಲವೂ ಕುದುರೆ ಕೊರಳಿನತ್ತ ವಾಲಿದೆಯೇ ಎಂದು ನೋಡಿ ನೆಟ್ಟಗೆ ನಿಲ್ಲಿಸಬೇಕು.