ನೀರಿನ ಕೀಲಿ ಯಾರ ಕೈಯಲ್ಲಿ?

ನಮ್ಮ ದಿನ ನೀರಿನಿಂದ ಶುರು. ಮುಸುರೆ ತಿಕ್ಕಬೇಕು. ಬಟ್ಟೆ ಒಗೀಬೇಕು. ಅನ್ನಕ್ಕೆ ಇಡಬೇಕು. ಆಮೇಲೆ ಪೀಣ್ಯದ ಕಾರ್ಖಾನೆಗೋ, ವೈಟ್‌ಫೀಲ್ಡಿನ ಮನೆಗೆಲಸಕ್ಕೋ ಓಡಬೇಕು. ನೀರು ಬರದಿದ್ದರೆ ಆ ದಿನದ ಕೂಲಿಯೂ ಹೋಯಿತು.

ಹಾಗಾದರೆ ನೀರು ಬಿಡುವವರು ಯಾರು?

ಹಿಂದೆ ನಮ್ಮ ಕಡೆ ಕೆರೆ ನೀರೇ ಬೇಸಾಯಕ್ಕೆ ಆಧಾರ. ತೂಬು ಎತ್ತಿ ಗದ್ದೆಗೆ ನೀರು ಬಿಡುವವನೇ ನೀರುಗಂಟಿ. ಅವನಿಗೆ ಊರವರು ಸುಗ್ಗಿಯಲ್ಲಿ ಕಾಳು ಕೊಡುತ್ತಿದ್ದರು. ಅವನು ಊರಿಗೆ ಉತ್ತರ ಹೇಳಬೇಕಿತ್ತು. ಆದರೂ ದೊಡ್ಡ ಜಮೀನಿದ್ದವರ ಮಾತೇ ನಡೆಯುತ್ತಿದ್ದದ್ದೂ ಉಂಟು.

ಈಗ ಕಾವೇರಿ ನೀರು ಕುಡಿಯುತ್ತೇವೆ. ಅದು ಸುಮಾರು 100 ಕಿಲೋಮೀಟರ್ ದೂರದಿಂದ ಬರಬೇಕು. ತೊರೆಕಾಡನಹಳ್ಳಿಯಿಂದ ಪಂಪಿನಲ್ಲಿ ಎತ್ತಿ ತರುತ್ತಾರೆ. 1974ರಲ್ಲೇ ಬೆಂಗಳೂರಿಗೆ ಕಾವೇರಿ ಬಂತು. ಆದರೆ ಹೊರವಲಯಕ್ಕೆ ಬರಲಿಲ್ಲ.

2007ರಲ್ಲಿ ಸುತ್ತಲಿನ 110 ಹಳ್ಳಿಗಳು ಬೆಂಗಳೂರು ಪಾಲಿಕೆಗೆ ಸೇರಿದವು. ಈ ಹಳ್ಳಿಗಳಿಗೆಂದು ಮಾಡಿದ ಕಾವೇರಿ 5ನೇ ಹಂತ ಉದ್ಘಾಟನೆ ಆದದ್ದು 2024ರ ಅಕ್ಟೋಬರ್ 16ರಂದು. ದಿನಕ್ಕೆ 77 ಕೋಟಿ 50 ಲಕ್ಷ ಲೀಟರ್ ತರುವ ಯೋಜನೆ ಅದು. ನಡುವೆ ಎಷ್ಟು ವರ್ಷ ಕಳೆಯಿತು? ಲೆಕ್ಕ ಹಾಕೋಣ. 17 ವರ್ಷ!

ಅಷ್ಟು ವರ್ಷ ನಮಗೆ ಕೊಳವೆಬಾವಿ, ಟ್ಯಾಂಕರ್ ಇವೇ ಗತಿ. ಚುನಾವಣೆ ಹತ್ತಿರ ಬಂತು ಅಂದರೆ ಬೀದಿಗೆ ಟ್ಯಾಂಕರ್ ಬರುತ್ತಿತ್ತು. "ನಾನು ನೀರು ಕೊಟ್ಟೆ, ನೆನಪಿಡಿ ಅಮ್ಮಾ" ಅನ್ನುತ್ತಿದ್ದರು. ನಾವೂ ಕೈ ಮುಗಿದೆವು.

ಇಲ್ಲೇ ಗುಟ್ಟು ಇದೆ, ಅಕ್ಕ. ನಲ್ಲಿಯಲ್ಲಿ ನೀರು ತಾನಾಗಿ ಬಂದರೆ ಯಾರ ಹಂಗೂ ಇಲ್ಲ. ಬೇಡಿ ತರಿಸಿದರೆ ಋಣ. ಆ ಋಣಕ್ಕೆ ನಮ್ಮ ವೋಟು ಕೇಳುತ್ತಾರೆ. ನೀರಿನ ಕೀಲಿ ಹಿಡಿದವರ ಕೈಗೆ ಅಧಿಕಾರವೂ ಸೇರುತ್ತದೆ.

ಕೀಲಿ ನಮ್ಮ ಕೈಗೆ ಬರುವುದು ಹೇಗೆ? ಒಂದು ದಾರಿ, ಓದು.

2024ರ ಬೇಸಿಗೆಯಲ್ಲಿ ನೀರಿಗೆ ಹಾಹಾಕಾರ ಎದ್ದಿತು. ಟ್ಯಾಂಕರಿನವರು ಬಾಯಿಗೆ ಬಂದ ದರ ಹೇಳಿದರು. ಆಗ ಮಾರ್ಚಿಯಲ್ಲಿ ಜಿಲ್ಲಾಡಳಿತ ದರ ಗೊತ್ತು ಮಾಡಿತು. 5 ಕಿಲೋಮೀಟರ್ ಒಳಗೆ 6,000 ಲೀಟರಿಗೆ 600 ರೂಪಾಯಿ. 12,000 ಲೀಟರಿಗೆ 1,000 ರೂಪಾಯಿ. ದರ ಓದಿದವಳು "ಯಾಕಪ್ಪಾ ಜಾಸ್ತಿ?" ಅಂತ ಕೇಳಬಹುದಿತ್ತು. ಓದಲು ಬಾರದವಳು ಕೇಳಿದಷ್ಟು ಕೊಡಬೇಕಾಯಿತು.

2005ರಿಂದ ಮಾಹಿತಿ ಹಕ್ಕು ಕಾಯ್ದೆ ಇದೆ. 10 ರೂಪಾಯಿ ಕಟ್ಟಿ ಅರ್ಜಿ ಬರೆಯಬಹುದು. ನಮ್ಮ ಬೀದಿಗೆ ಯಾವ ದಿನ ನೀರು? ಕೊಳವೆಬಾವಿಗೆ ಖರ್ಚಾದ ಹಣ ಎಷ್ಟು? 30 ದಿನದೊಳಗೆ ಉತ್ತರ ಕೊಡಬೇಕು. ಆ ಹಣ ಯಾರ ಮನೆಯದೂ ಅಲ್ಲ. ನಾವು ಕೊಟ್ಟ ತೆರಿಗೆಯದು. ಬೆಂಕಿಪೊಟ್ಟಣ ಕೊಂಡರೂ ನಾವು ತೆರಿಗೆ ಕಟ್ಟುತ್ತೇವೆ.

ಒಬ್ಬಳು ಕೇಳಿದರೆ ಗದರುತ್ತಾರೆ. ಬೀದಿಯವರೆಲ್ಲ ಸಹಿ ಹಾಕಿ ಕೇಳಿದರೆ ಕೂರಿಸಿ ಮಾತಾಡುತ್ತಾರೆ. ಹೆಬ್ಬೆಟ್ಟು ಒತ್ತುತ್ತಿದ್ದ ಕೈ ಈಗ ಸಹಿ ಹಾಕುತ್ತದೆ, ಅಲ್ವಾ?

ಮಾತಾಡೋಣ:
1. ನಮ್ಮ ಬೀದಿಗೆ ನೀರು ಬಿಡುವವರು ಯಾರು? ಅವರಿಗೆ ಸಂಬಳ ಕೊಡುವವರು ಯಾರು?
2. ಯಾವ ಬೀದಿಗೆ ಮೊದಲು ನೀರು ಬರುತ್ತದೆ? ಯಾಕೆ?
3. ಎಲ್ಲರೂ ಸೇರಿ ಒಂದು ಅರ್ಜಿ ಬರೆಯೋಣವೇ?