ಹಸುವಿನ ಗಾಯಕ್ಕೆ ಜೇನುತುಪ್ಪ: ಯಾವಾಗ ಹಚ್ಚಬೇಕು, ಯಾವಾಗ ಹಚ್ಚಬಾರದು



ಸಂಜೆ ಹಾಲು ಕರೆಯಲು ಕುಳಿತಾಗ ಹಸುವಿನ ತೊಡೆಯ ಮೇಲೆ ಮುಳ್ಳುತಂತಿ ಗೀರಿದ ಗಾಯ ಕಾಣುತ್ತದೆ. ಕೆಲವೊಮ್ಮೆ ಕೊರಳಲ್ಲಿ ಹಗ್ಗ ಉಜ್ಜಿ ಚರ್ಮ ಕಿತ್ತಿರುತ್ತದೆ. ಆಗ ಕೈಗೆ ಸಿಕ್ಕಿದ್ದನ್ನು, ಅಂದರೆ ಸೀಮೆಎಣ್ಣೆ, ಹಳೆಯ ಎಂಜಿನ್ ಆಯಿಲ್, ಸುಣ್ಣ, ಸಗಣಿ ಇವುಗಳನ್ನು ಹಚ್ಚುವವರು ಇಂದಿಗೂ ಇದ್ದಾರೆ. ಎಣ್ಣೆ ಮತ್ತು ಸುಣ್ಣ ಹೊಸ ಚರ್ಮವನ್ನು ಸುಡುತ್ತವೆ. ಸಗಣಿಯಿಂದ ಧನುರ್ವಾಯುವಿನ ರೋಗಾಣು ಗಾಯದೊಳಗೆ ಸೇರಬಹುದು. ಇವುಗಳ ಬದಲು ಅಡುಗೆಮನೆಯಲ್ಲಿರುವ ಜೇನುತುಪ್ಪವನ್ನು ಸರಿಯಾಗಿ ಬಳಸುವುದು ಹೇಗೆಂದು ಈ ಪಾಠದಲ್ಲಿ ತಿಳಿಯೋಣ.

ಜೇನುತುಪ್ಪ ಗಾಯಕ್ಕೆ ಏನು ಮಾಡುತ್ತದೆ?

ಸುಶ್ರುತ ಸಂಹಿತೆಯಲ್ಲಿಯೇ ಗಾಯಕ್ಕೆ ಜೇನು ಮತ್ತು ತುಪ್ಪದ ಉಪಯೋಗ ಬರುತ್ತದೆ. 1991ರಲ್ಲಿ ಮಹಾರಾಷ್ಟ್ರದ ಶಸ್ತ್ರವೈದ್ಯ ಎಂ. ಸುಬ್ರಹ್ಮಣ್ಯಂ ಅವರು ಸುಟ್ಟಗಾಯದ 104 ರೋಗಿಗಳಲ್ಲಿ ಜೇನನ್ನು ಪರೀಕ್ಷಿಸಿ, ಆಗ ಬಳಕೆಯಲ್ಲಿದ್ದ ಮುಲಾಮಿಗಿಂತ ಗಾಯ ಬೇಗ ಮಾಯಿತೆಂದು ಪ್ರಕಟಿಸಿದರು. ಇದಕ್ಕೆ ಮೂರು ಕಾರಣಗಳಿವೆ.

ಒಂದು, ಜೇನಿನಲ್ಲಿ ಸುಮಾರು ಶೇ. 80 ಸಕ್ಕರೆ, ನೀರು ಶೇ. 20ಕ್ಕಿಂತ ಕಡಿಮೆ. ಉಪ್ಪಿನಕಾಯಿಯಲ್ಲಿ ಉಪ್ಪು ನೀರನ್ನು ಎಳೆಯುವಂತೆ ಜೇನು ರೋಗಾಣುವಿನ ನೀರನ್ನು ಎಳೆದು ಅದು ಬೆಳೆಯದಂತೆ ಮಾಡುತ್ತದೆ. ಎರಡು, ಜೇನು ಹುಳಿ ಗುಣದ್ದು. ಆ ಹುಳಿಯಲ್ಲಿ ರೋಗಾಣುಗಳಿಗೆ ಕಷ್ಟ. ಮೂರು, ಜೇನು ಗಾಯದ ನೀರಿನೊಂದಿಗೆ ಬೆರೆತಾಗ ಅದರಲ್ಲಿರುವ ಒಂದು ಕಿಣ್ವ ಹೈಡ್ರೋಜನ್ ಪೆರಾಕ್ಸೈಡನ್ನು ಸ್ವಲ್ಪಸ್ವಲ್ಪವೇ ಉತ್ಪಾದಿಸುತ್ತದೆ. ಗಾಯ ತೊಳೆಯುವಾಗ ನೊರೆ ಬರುವ ಔಷಧವೂ ಇದೇ. ಬಿಸಿ ಮಾಡಿದರೆ ಈ ಕಿಣ್ವ ಹಾಳಾಗುತ್ತದೆ. ಆದ್ದರಿಂದ ಜೇನನ್ನು ಕಾಯಿಸಬೇಡಿ. ಸಕ್ಕರೆ ಪಾಕ ಬೆರೆಸಿದ ಜೇನಿನಿಂದ ಈ ಪೂರ್ತಿ ಗುಣ ಸಿಗದು. ನೀರಿಗೆ ಹಾಕಿ ನೋಡುವ, ಬೆಂಕಿ ಹಚ್ಚಿ ನೋಡುವ ಮನೆ ಪರೀಕ್ಷೆಗಳನ್ನು ನಂಬುವಂತಿಲ್ಲ; ಪರಿಚಯದ ಜೇನು ಸಾಕಣೆದಾರರಿಂದ ಕೊಳ್ಳುವುದು ಒಳ್ಳೆಯದು.

ಹಚ್ಚುವ ವಿಧಾನ

1. ನಿಮ್ಮ ಕೈಗಳನ್ನು ಸೋಪಿನಿಂದ ತೊಳೆಯಿರಿ. ಹಸುವನ್ನು ಭದ್ರವಾಗಿ ಕಟ್ಟಿ. ರಕ್ತ ಬರುತ್ತಿದ್ದರೆ ಶುದ್ಧ ಬಟ್ಟೆಯಿಂದ ಒತ್ತಿ ಹಿಡಿದು ಮೊದಲು ನಿಲ್ಲಿಸಿ.
2. ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಒಂದೂವರೆ ಟೀ ಚಮಚ ಉಪ್ಪು ಹಾಕಿ, ಗಾಯದ ಮಣ್ಣು, ಸಗಣಿ ಹೋಗುವವರೆಗೆ ತೊಳೆಯಿರಿ. ಸುತ್ತಲಿನ ಕೂದಲನ್ನು ಕತ್ತರಿಸಿ.
3. ಕುದಿಸಿ ಒಣಗಿಸಿದ ಹತ್ತಿ ಬಟ್ಟೆಗೆ ಅಥವಾ ಗಾಜ್‌ಗೆ ಜೇನು ಸವರಿ ಗಾಯದ ಮೇಲಿಡಿ. ನೇರವಾಗಿ ಸುರಿದರೆ ಹರಿದುಹೋಗುತ್ತದೆ. ಮೊದಲಿಗೆ ಸ್ವಲ್ಪ ಉರಿಯಾಗಿ ಹಸು ಒದೆಯಬಹುದು, ಎಚ್ಚರ.
4. ಮೇಲೆ ಒಣ ಬಟ್ಟೆ ಕಟ್ಟಿ. ಜೇನಿಗೆ ನೊಣ, ಇರುವೆ ಬರುತ್ತವೆ; ತೆರೆದ ಗಾಯಕ್ಕೆ ಜೇನು ಹಚ್ಚಿ ಹಾಗೇ ಬಿಡಬಾರದು.
5. ಮೊದಲ ಮೂರು ದಿನ ದಿನಕ್ಕೊಮ್ಮೆ, ಬಟ್ಟೆ ನೆನೆದಿದ್ದರೆ ಎರಡು ಸಲ ಬದಲಿಸಿ.

ಮೊಲೆತೊಟ್ಟಿನ ಹೊರಚರ್ಮ ಬಿರುಕು ಬಿಟ್ಟಿದ್ದರೆ ಜೇನುಮೇಣ ಹೆಚ್ಚು ಅನುಕೂಲ. ಒಂದು ಪಾಲು ಶುದ್ಧ ಜೇನುಮೇಣವನ್ನು ನಾಲ್ಕು ಪಾಲು ಕೊಬ್ಬರಿ ಎಣ್ಣೆಯಲ್ಲಿ, ಬಿಸಿನೀರಿನ ಮೇಲಿಟ್ಟ ಪಾತ್ರೆಯಲ್ಲಿ ಕರಗಿಸಿ ಆರಿಸಿ. ಹಾಲು ಕರೆದ ಮೇಲೆ ತೆಳ್ಳಗೆ ಹಚ್ಚಿ. ಮುಂದಿನ ಸಲ ಕರೆಯುವ ಮೊದಲು ಕೆಚ್ಚಲನ್ನು ಚೆನ್ನಾಗಿ ತೊಳೆದು ಒರೆಸಿ. ಕರೆಯುವ ನಿಮ್ಮ ಬೆರಳುಗಳ ಬಿರುಕಿಗೂ ಇದೇ ಮುಲಾಮು ಆಗುತ್ತದೆ.

ಇಲ್ಲಿ ಜೇನು ಬೇಡ, ಪಶುವೈದ್ಯರು ಬೇಕು

ಮೊಳೆ, ಕೊಂಬು ಚುಚ್ಚಿದ ಆಳದ ಗಾಯಕ್ಕೆ ಜೇನು ತುಂಬಬೇಡಿ. ಹಸಿ ಜೇನಿನಲ್ಲಿ ಕೆಲವು ರೋಗಾಣುಗಳ ಬೀಜಕಗಳು ಇರಬಹುದು. ಗಾಳಿ ಆಡದ ಆಳದಲ್ಲಿ ಅವು ಬೆಳೆಯುವ ಅಪಾಯವಿದೆ. ಆಸ್ಪತ್ರೆಗಳಲ್ಲಿ ಬಳಸುವ ಜೇನನ್ನು ಇದೇ ಕಾರಣಕ್ಕೆ ವಿಕಿರಣದಿಂದ ಶುದ್ಧಗೊಳಿಸಿರುತ್ತಾರೆ.

ಮೊಲೆತೊಟ್ಟಿನ ರಂಧ್ರದೊಳಗೆ ಏನನ್ನೂ ಹಾಕಬೇಡಿ. ಕೆಚ್ಚಲು ಬಾವು ಬಂದು ಒಂದು ಮೊಲೆಯೇ ಕೈತಪ್ಪಬಹುದು. ತೊಟ್ಟು ಸೀಳಿ ಪಕ್ಕದಿಂದ ಹಾಲು ಸೋರುತ್ತಿದ್ದರೆ ಅದೇ ದಿನ ಹೊಲಿಗೆ ಹಾಕಿಸಬೇಕು. ಹುಳು ಬಿದ್ದ ಗಾಯ, ಕೀವು, ದುರ್ವಾಸನೆ, ಊತ, ಜ್ವರ, ಮೇವು ಬಿಡುವುದು, ಮೂರು ದಿನವಾದರೂ ಗುಣ ಕಾಣದಿರುವುದು, ಇವುಗಳಲ್ಲಿ ಯಾವುದಿದ್ದರೂ ಕಾಯಬೇಡಿ. 1962ಕ್ಕೆ ಕರೆ ಮಾಡಿ.

ನಾಯಿ ಕಚ್ಚಿದ ಗಾಯವನ್ನು ಕೈಗವಸು ಹಾಕಿಕೊಂಡು, ಸೋಪು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆಯಿರಿ. ಜೇನು, ಖಾರದಪುಡಿ, ಸುಣ್ಣ ಯಾವುದನ್ನೂ ಹಚ್ಚದೆ ಕೂಡಲೇ ರೇಬೀಸ್ ಲಸಿಕೆ ಹಾಕಿಸಿ. ಈ ಗಾಯದಲ್ಲಿ ತಡ ಮಾಡಿದರೆ ಹಸು ಉಳಿಯದೇ ಹೋಗಬಹುದು, ಮನೆಯವರಿಗೂ ಅಪಾಯ.

ಡೇರಿಗೆ ಹಾಲು ಹಾಕುವ ಮೊದಲು

ಸಣ್ಣ ಗಾಯಕ್ಕೆ ಜೇನು ಸಾಕಾದರೆ ಹಾಲಿನಲ್ಲಿ ಔಷಧದ ಶೇಷ ಉಳಿಯುವ ಚಿಂತೆಯಿಲ್ಲ. ವೈದ್ಯರು ಆ್ಯಂಟಿಬಯೋಟಿಕ್ ಕೊಟ್ಟರೆ "ಎಷ್ಟು ದಿನ ಹಾಲು ಸಂಘಕ್ಕೆ ಹಾಕಬಾರದು?" ಎಂದು ಕೇಳಿ ಬರೆದಿಟ್ಟುಕೊಳ್ಳಿ. ಒಬ್ಬರ ಕ್ಯಾನಿನ ಹಾಲು ಇಡೀ ಊರಿನ ಹಾಲಿಗೆ ಸೇರುತ್ತದೆ. ರಕ್ತ, ಕೀವು ಬೆರೆತ ಹಾಲನ್ನು ಎಂದಿಗೂ ಹಾಕಬೇಡಿ.

ಗಾಯಕ್ಕೆಂದು ತಂದ ಜೇನಿನ ಸೀಸೆಯನ್ನು ಬೇರೆ ಇಡಿ. ಒಂದು ವರ್ಷ ತುಂಬದ ಮಗುವಿಗೆ ಯಾವ ಜೇನನ್ನೂ ನೆಕ್ಕಿಸಬೇಡಿ.

ನೆನಪಿಡಿ: ಮೊದಲು ತೊಳೆಯುವುದು, ಆಮೇಲೆ ಜೇನು, ಮೇಲೆ ಬಟ್ಟೆ. ಗಾಯ ಆಳವಾಗಿದ್ದರೆ ನೇರ ವೈದ್ಯರು. ನಾಳೆ ಬೆಳಿಗ್ಗೆ ಮೈ ತೊಳೆಯುವಾಗ ನಿಮ್ಮ ಹಸುವಿನ ಕೊರಳಿನ ಹಗ್ಗದ ಕೆಳಗೆ ಒಮ್ಮೆ ಕೈಯಾಡಿಸಿ ನೋಡಿ. ಎಷ್ಟೋ ಗಾಯಗಳು ಅಲ್ಲಿಯೇ ಶುರುವಾಗುತ್ತವೆ.