ಜೀತದ ನೊಗವೂ ದೇವರ ಸಭೆಯೂ

ಓದತಕ್ಕ ಭಾಗ: ನೆಹೆಮೀಯ 5:1-13



ಬಡತನವು ದೇವರ ಚಿತ್ತವೆಂದೂ, ಅದನ್ನು ಸುಮ್ಮನೆ ತಾಳಿಕೊಂಡಿರುವುದೇ ಭಕ್ತಿಯೆಂದೂ ನಮ್ಮಲ್ಲಿ ಕೆಲವರು ಹೇಳುವುದುಂಟು. ಸತ್ಯವೇದವು ಹೀಗೆ ಬೋಧಿಸುತ್ತದೋ ಎಂಬದನ್ನು ಈ ಪಾಠದಲ್ಲಿ ವಿಚಾರಿಸೋಣ.

ಯೆರೂಸಲೇಮಿನ ಗೋಡೆಯನ್ನು ಕಟ್ಟುತ್ತಿದ್ದಾಗ ಬಡಜನರ ಗೋಳಾಟವು ನೆಹೆಮೀಯನ ಕಿವಿಗೆ ಬಿತ್ತು. ಕೆಲವರು ಬರಗಾಲದಲ್ಲಿ ಧಾನ್ಯಕ್ಕಾಗಿ ಹೊಲಮನೆಗಳನ್ನು ಒತ್ತೆಯಿಟ್ಟಿದ್ದರು; ಕೆಲವರು ಅರಸನ ಕಂದಾಯಕ್ಕೋಸ್ಕರ ಸಾಲಮಾಡಿದ್ದರು; ಅವರ ಮಕ್ಕಳು ದಾಸತ್ವಕ್ಕೆ ಹೋಗುತ್ತಿದ್ದರು. ಸಾಲ ಕೊಟ್ಟವರು ಅನ್ಯರಲ್ಲ, ಸ್ವಜನರೇ.

ಇಲ್ಲಿ ಮೂರು ಸಂಗತಿಗಳನ್ನು ಗಮನಿಸತಕ್ಕದ್ದು. ಮೊದಲನೆಯದು, ನೆಹೆಮೀಯನು ಬಡವರಿಗೆ ಭಿಕ್ಷೆ ಕೊಡಿರೆಂದು ಹೇಳಲಿಲ್ಲ. ಹೊಲವನ್ನೂ ಬಡ್ಡಿಯನ್ನೂ ಅದೇ ದಿನ ಹಿಂದಕ್ಕೆ ಕೊಡಿರೆಂದು ಕೇಳಿದನು. ಎರಡನೆಯದು, ತಾನೂ ತನ್ನವರೂ ಸಾಲ ಕೊಟ್ಟವರೆಂದು ಒಪ್ಪಿಕೊಂಡು ಮಾತಾಡಿದನು. ಮೂರನೆಯದು, ಬರೀ ಬಾಯಿಮಾತನ್ನು ನಂಬದೆ ಯಾಜಕರನ್ನು ಕರಿಸಿ ಪ್ರಮಾಣಮಾಡಿಸಿದನು.

ನಮ್ಮ ಸೀಮೆಯಲ್ಲಿ ಇದೇ ಕಷ್ಟಕ್ಕೆ ಜೀತವೆಂದು ಹೆಸರು. ತಂದೆ ಮದುವೆಗೋ ಕಾಯಿಲೆಗೋ ಮಾಡಿದ ಸಾಲಕ್ಕೆ ಮಗನು ಧಣಿಯ ಕೊಟ್ಟಿಗೆಯಲ್ಲಿ ದುಡಿದನು; ದುಡಿಮೆಯನ್ನೆಲ್ಲಾ ಬಡ್ಡಿಯು ನುಂಗಿತು. 1976ರ ಜೀತಪದ್ಧತಿ ರದ್ದತಿ ಕಾಯಿದೆಯು, 1975ರ ಅಕ್ಟೋಬರ್ 25ರಿಂದ ಜಾರಿಗೆ ಬಂದದ್ದಾಗಿ, ಜೀತದ ಸಾಲವನ್ನೆಲ್ಲಾ ಇಲ್ಲದಂತೆ ಮಾಡಿತು. ಆ ಸಾಲಕ್ಕಾಗಿ ಒತ್ತೆ ಹಿಡಿದ ಸ್ವತ್ತನ್ನು ಹಿಂದಿರುಗಿಸತಕ್ಕದ್ದು. ಜೀತಕ್ಕಿಟ್ಟುಕೊಂಡವನಿಗೆ 3 ವರ್ಷದ ವರೆಗೆ ಸೆರೆಯೂ 2,000 ರೂಪಾಯಿಯ ವರೆಗೆ ದಂಡವೂ ಉಂಟು. ನೆಹೆಮೀಯನು ಕೇಳಿದ್ದಕ್ಕೂ ಇದಕ್ಕೂ ಎಷ್ಟು ಹೋಲಿಕೆ ನೋಡಿರಿ!

ದೇವಭಕ್ತಿಯು ಇಂಥ ಕಾರ್ಯಕ್ಕೆ ಕೈಹಾಕಿದ್ದುಂಟೋ? ಉಂಟು. ಮಂಗಳೂರಿನಲ್ಲಿ ಕ್ರೈಸ್ತರಾದವರು ಜೀವನೋಪಾಯವನ್ನು ಕಳಕೊಂಡಾಗ, ಬಾಸೆಲ್ ಮಿಶನ್ನಿನವರು ದಾನ ಹಂಚುವುದರಲ್ಲಿಯೇ ನಿಲ್ಲದೆ ನೇಯ್ಗೆಯ ಕೆಲಸವನ್ನೂ, 1865ರಲ್ಲಿ ಹೆಂಚಿನ ಕಾರ್ಖಾನೆಯನ್ನೂ ಸ್ಥಾಪಿಸಿದರು. ಯಾಜಕಕಾಂಡ 25ನೇ ಅಧ್ಯಾಯದ ಜೂಬಿಲಿ ಸಂವತ್ಸರವನ್ನು ಆಧಾರ ಮಾಡಿಕೊಂಡು, ಬಡದೇಶಗಳ ಸಾಲವನ್ನು ಬಿಟ್ಟುಬಿಡಬೇಕೆಂದು ಅನೇಕ ಸಭೆಗಳು ಕೂಡಿ ಕೇಳಿದವು. 1998ರ ಮೇ 16ರಂದು ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ಪಟ್ಟಣದಲ್ಲಿ ಸುಮಾರು 70,000 ಜನರು ಕೈಕೈ ಹಿಡಿದು ನಿಂತರು. ಮರುವರ್ಷ ಧನಿಕ ದೇಶಗಳ ಮುಖಂಡರು ಹಿಂದಿಗಿಂತ ಹೆಚ್ಚು ಸಾಲವನ್ನು ಬಿಡಲು ಒಪ್ಪಿದರು.

ಈಗ ನಮ್ಮ ಮನೆಬಾಗಿಲಿಗೆ ಬರೋಣ. ಕೈಲಾಂಚದ ಸುತ್ತಣ ಹಳ್ಳಿಗಳಲ್ಲಿ ರಾಗಿಯ ಹೊಲವೂ ರೇಷ್ಮೆಯ ಚಂದ್ರಿಕೆಯೂ ಅನೇಕರ ಜೀವನಕ್ಕೆ ಆಧಾರ. ಮಳೆ ತಪ್ಪಿದರೆ, ಹುಳಕ್ಕೆ ರೋಗ ತಗಲಿದರೆ, ಸಾಲವು ತಾನಾಗಿ ಒಳಗೆ ಬರುತ್ತದೆ. ಆಗ ಸಾಲ ಕೊಡುವವನು ಸಭೆಯವನೇ ಆಗಿದ್ದರೆ ಏನು? ಸಹೋದರನ ಹೊಲದ ಪತ್ರವನ್ನು ತನ್ನ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿ, ಭಾನುವಾರ ಅವನ ಪಕ್ಕದಲ್ಲಿಯೇ ಕರ್ತನ ಮೇಜಿನ ಮುಂದೆ ಮೊಣಕಾಲೂರುವವನು ಯಾವ ಬಾಯಿಂದ ಆಮೆನ್ ಎಂದಾನು? ಪರರ ಧಣಿಗಳನ್ನು ದೂರುವ ಮೊದಲು ನಮ್ಮ ಪೆಟ್ಟಿಗೆಯನ್ನು ನಾವೇ ತೆರೆದು ನೋಡತಕ್ಕದ್ದು.

ಆದಕಾರಣ ಸಾಲದ ಮಾತನ್ನು ಸಭೆಯಲ್ಲಿ ನಾಚಿಕೆಯಿಲ್ಲದೆ ಆಡೋಣ. ಮದುವೆಯ ಆಡಂಬರವನ್ನು ಕಡಿಮೆಮಾಡೋಣ. ಕಷ್ಟಕಾಲಕ್ಕೆಂದು ವಾರವಾರವೂ ಸ್ವಲ್ಪ ಹಣವನ್ನು ಕೂಡಿಹಾಕಿ, ಬಡ್ಡಿಯಿಲ್ಲದೆ ಕೊಡೋಣ. ಯಾವನಾದರೂ ಜೀತದಲ್ಲಿದ್ದರೆ, ಅವನು ಯಾವ ಜಾತಿಮತದವನಾದರೂ ಸರಿಯೇ, ಅವನೊಬ್ಬನನ್ನೇ ಕಳುಹಿಸದೆ ನಾವೂ ಸಂಗಡ ತಾಲೂಕು ಕಚೇರಿಗೆ ಹೋಗೋಣ. ಕಾಯಿದೆಯು ಕಾಗದದಲ್ಲಿದೆ, ಬಡವನ ಜೊತೆಗೆ ನಡೆಯುವ ಕಾಲುಗಳು ಸಭೆಯವು.

ಪ್ರಶ್ನೆಗಳು:
1. ಸಾಲ ಕೊಟ್ಟವರ ಸಂಗಡ ನೆಹೆಮೀಯನು ತನ್ನನ್ನೂ ಸೇರಿಸಿಕೊಂಡದ್ದೇಕೆ?
2. ಭಿಕ್ಷೆ ಕೊಡುವುದಕ್ಕೂ ಹಿಂದಿರುಗಿಸುವುದಕ್ಕೂ ಇರುವ ಭೇದವೇನು?
3. ನಾವು ಈ ತಿಂಗಳಲ್ಲಿ ಯಾರಿಗೆ ಏನನ್ನು ಹಿಂದಿರುಗಿಸಬೇಕು?